ಉದ್ರಿ ಪುಸ್ತಕದ ಹಿಂಬದಿ

ಕೊಟ್ರಬಸಪ್ಪನ ರೇಡಿಯೊ ರಿಪೇರಿ ಅಂಗಡಿಯ
ಉದ್ರಿ ಪುಸ್ತಕ ಮುಂದಿನಿಂದ ತೆರೆದರೆ ಸಾಲ:
ವಾಲ್ವು ಎರಡು, ಬೆಸುಗೆ, ಡಯಲ್ಲಿನ ದಾರ,
ಮಿಲ್ಲಿನ ಹಾಲೇಶಪ್ಪ ಕೊಡಬೇಕಾದ್ದು ನಾಲ್ಕೂವರೆ.
ಹಿಂದಿನಿಂದ ತೆರೆದರೆ ಇಂಗ್ಲೆಂಡು.

ಶನಿವಾರ ರಾತ್ರಿ, ಮಿಲ್ಲಿನ ಭೋಂಗಾ ಊದಿದ ಮೇಲೆ,
ಮಂಡಿಪೇಟೆಯ ಕಡೇ ಗಾಡಿ ಹೋದ ಮೇಲೆ,
ಮುಳ್ಳನ್ನು ಕೂದಲೆಳೆಯಷ್ಟು ಸರಿಸಿ
ಲಂಡನ್ ಹಿಡಿಯುತ್ತಿದ್ದ.
ನನಗೆ ಹನ್ನೊಂದು ವರ್ಷ. ಏರಿಯಲ್ ತಂತಿ ಹಿಡಿದು
ಸ್ಟೂಲಿನ ಮೇಲೆ ನಿಲ್ಲುವುದು ನನ್ನ ಕೆಲಸ.
ಕೈ ಇಳಿದರೆ ಇಂಗ್ಲೆಂಡು ಮುಳುಗುತ್ತಿತ್ತು.

ವಾರಕ್ಕೆ ಇಪ್ಪತ್ತು ಹಾಡು, ಇಪ್ಪತ್ತು ಗೆರೆ.
ಅವನಿಗೆ ಇಂಗ್ಲಿಷಿನಲ್ಲಿ ಬರುತ್ತಿದ್ದದ್ದು ಅಂಕಿ ಮಾತ್ರ.
ಹಾಡಿಗೆಲ್ಲ ತಾನೇ ಹೆಸರಿಟ್ಟಿದ್ದ:
ಅಳುಬುರುಕಿ. ಸೂಟಿನವನು. ಕುದುರೆ. ಇನ್ನೊಂದು ಕುದುರೆ.

ಆ ಮಾಗಿಯಲ್ಲಿ ಹತ್ತೊಂಬತ್ತಕ್ಕೆ ಬಂತು ಒಂದು ಹಾಡು,
ಪೆಟ್ಟು ಬೀಳಬೇಕಾದಲ್ಲಿ ಬೀಳದೆ
ಸಂದಿಯಲ್ಲಿ ಬೀಳುವ ಹಾಡು.
ಗಿಟಾರು, ತಡವಾಗಿ ಬಂದ ಕೂಲಿಯವನ ಹಾಗೆ,
ಚಕ್ ಎಂದು ಒಳನುಗ್ಗಿ ಗೋಡೆಗೆ ಅಂಟಿ ನಿಲ್ಲುತ್ತಿತ್ತು.
ಕೊಟ್ರಬಸಪ್ಪ ಸೆಟ್ಟಿಗೆ ಒಂದು ಗುದ್ದು ಗುದ್ದಿದ,
"ಕಂಡೆನ್ಸರ್ ಹೋಗೈತಿ."

"ಸೆಟ್ಟು ಸರಿ ಐತಿ" ಅಂದಳು
ಬಾಗಿಲಲ್ಲಿ ನಿಂತಿದ್ದ ಜುಲೇಖಾಬಿ,
ಬಾಷಾನಗರದ ಮಂಡಕ್ಕಿ ಭಟ್ಟಿಯವಳು,
ರಿಪೇರಿಯಾದ ಟ್ರಾನ್ಸಿಸ್ಟರ್ ಒಯ್ಯಲು ಬಂದವಳು.
"ಕಾದ ಮರಳಿಗೆ ಅಕ್ಕಿ ಹಾಕ್ತೀವಿ.
ಹುಟ್ಟು ಅತ್ತ ಹೋದಾಗ ಅಲ್ಲ, ಇತ್ತ ಬಂದಾಗ ಅಲ್ಲ,
ನಡುವೆ ಅರಳತೈತಿ. ಇದೂ ಹಂಗೇ."
ಹುಟ್ಟಿಲ್ಲದ ಕೈಯನ್ನು ಗಾಳಿಯಲ್ಲಿ ಆಡಿಸಿ ತೋರಿಸಿದಳು.
ಹತ್ತೊಂಬತ್ತರ ಮುಂದೆ ಕೊಟ್ರಬಸಪ್ಪ ಬರೆದ: ಮಂಡಕ್ಕಿ.

ಜಮೈಕ ಅಂದಿದ್ದ ಲಂಡನ್ನಿನವನು.
ಶಾಲೆಯ ಭೂಪಟದಲ್ಲಿ ಹುಡುಕಿದೆ:
ನೊಣ ಕೂತು ಎದ್ದುಹೋದಷ್ಟು ನೆಲ, ಸುತ್ತ ನೀಲಿ.
ಅಲ್ಲಿ ಕಬ್ಬು, ಅಂದರು ಚೆನ್ನವೀರಯ್ಯ ಮೇಷ್ಟ್ರು,
ಕಡಿಯಲು ಹಡಗಲ್ಲಿ ಸರಪಳಿ ಹಾಕಿ ತಂದ ಜನ,
ಸಕ್ಕರೆ ಮಾತ್ರ ಇಂಗ್ಲೆಂಡಿಗೆ.
ನಮ್ಮೂರೂ ಮ್ಯಾಂಚೆಸ್ಟರ್ ಅಂತಾರಲ್ಲ ಸಾರ್, ಅಂದೆ.
ಮಿಲ್ಲಿನ ಕಬ್ಬಿಣದ ಮೇಲೆ ಇಂಗ್ಲೆಂಡಿನ ಊರಿನ ಹೆಸರು
ಎರಕ ಹೊಯ್ದಿದ್ದನ್ನು ಹಾಲೇಶಪ್ಪ ತೋರಿಸಿದ್ದ.
ಮೇಷ್ಟ್ರು ಕಿಟಕಿಯಾಚೆ ನೋಡಿದರು. ಅರಳೆ ಹಾರುತ್ತಿತ್ತು.

ಹನ್ನೊಂದು. ಆರು.
ಅಂಗಡಿಯಲ್ಲಿ ಜನ ಹೆಚ್ಚಾದರು.
ಹಾಲೇಶಪ್ಪ ಪಾಳಿ ಬದಲಿಸಿಕೊಂಡ.
ಓಬಳೇಶ ಮೆಣಸಿನಕಾಯಿ ಬಂಡಿಯನ್ನು ಇಲ್ಲಿಗೇ ತಳ್ಳಿಕೊಂಡು ಬಂದ.
ಹಾಡಿದವನ ಮುಖ ಯಾರೂ ಕಂಡಿರಲಿಲ್ಲ,
ಒಬ್ಬೊಬ್ಬರೂ ತಮ್ಮ ಓಣಿಯದೊಂದು ಮುಖ ಅವನಿಗೆ ಹಚ್ಚಿದ್ದರು.
ನಾಲ್ಕು. ಮತ್ತೆ ನಾಲ್ಕೇ.
ಎರಡು.

ಮುಂದಿನ ಶನಿವಾರ ತೋಳು ಮರಗಟ್ಟುವಷ್ಟು ಎತ್ತಿ ನಿಂತೆ.
ಐದು, ಅಳುಬುರುಕಿ. ನಾಲ್ಕು, ಸೂಟಿನವನು.
ಮೂರು, ಅಂದ ಲಂಡನ್ನಿನವನು.
ಕರೆಂಟು ಹೋಯಿತು.

ಕತ್ತಲಲ್ಲಿ ಯಾರಿಗೋ ಹೊಳೆಯಿತು,
ಜುಲೇಖಾಬಿಯದು ಸೆಲ್ಲಿನ ಸೆಟ್ಟು!
ಓಡಿದೆವು, ಬಜ್ಜಿಯ ಬಾಣಲೆಯನ್ನೂ ಬಿಟ್ಟು.
ಭಟ್ಟಿಯ ಬೆಂಕಿಯೆದುರು ಅವಳು. ಪಕ್ಕದಲ್ಲಿ ಟ್ರಾನ್ಸಿಸ್ಟರ್,
ಅದರೊಳಗೆ ಆಗಲೇ ವಾರ್ತೆ.
"ಬಂತಾ?"
"ಬಂತು."
"ಎಷ್ಟಕ್ಕೆ ಬಂತು? ಕೊನೇದಾ? ಒಂದಾ?"
ಹುಟ್ಟು ನಿಲ್ಲಲಿಲ್ಲ.
"ಹಾಡು ಬಂದಾಗ ಯಾರಪ್ಪ ಎಣಿಸ್ತಾರೆ."

ಎಷ್ಟೋ ವರ್ಷದ ಮೇಲೆ ಓದಿದೆ:
ಅಲ್ಲಿ ಕಪ್ಪು ಜನರ ಓಣಿಯ ಸಣ್ಣ ಅಂಗಡಿಗಳಲ್ಲಿ ಮಾರಿದ್ದು
ಎಷ್ಟೋ ಸಲ ಲೆಕ್ಕಕ್ಕೇ ಸೇರುತ್ತಿರಲಿಲ್ಲವಂತೆ.
ಮಂಡಕ್ಕಿಯನ್ನೂ ನಮ್ಮಲ್ಲಿ ತಕ್ಕಡಿಗೆ ಹಾಕುತ್ತಿರಲಿಲ್ಲ.
ಸೇರಿನಲ್ಲಿ ಅಳೆದು, ಮೇಲೊಂದು ಹಿಡಿ ಕೊಸರು.

ಆ ವಾರದ ಸಂಖ್ಯೆ ಈಗ ಹುಡುಕಿದರೆ ಸಿಕ್ಕೀತು. ಹುಡುಕಿಲ್ಲ.
ಪುಸ್ತಕ ನನ್ನ ಹತ್ತಿರವಿದೆ, ಗೆದ್ದಲು ತಿಂದು ಉಳಿದದ್ದು.
ಮಂಡಕ್ಕಿಯ ಸಾಲಿನ ಕೊನೇ ಚೌಕದಲ್ಲಿ ಅಂಕಿ ಇಲ್ಲ;
ಕೊಟ್ರಬಸಪ್ಪನ ಸೊಟ್ಟ ಅಕ್ಷರದಲ್ಲಿ,
ಹಾಲೇಶಪ್ಪನ ನಾಲ್ಕೂವರೆಯನ್ನು ಬರೆದ ಅದೇ ಶಾಯಿಯಲ್ಲಿ:
ಲಂಡನ್, ಬಾಬ್ತು ಒಂದು ಅಂಕಿ,
ಬಾಕಿ.